ನೂರಕ್ಕೆ ಮೂರು

ಉದ್ಯಮಬಾಗದ ಒಳರಸ್ತೆ,
ಎರಕದ ಭಟ್ಟಿಗಳ ಮಸಿ ಬೀಳುವ ನಮ್ಮ ಶೆಡ್ಡು.
ಮೂಲೆಯಲ್ಲೊಂದು ಚೀಲ, ವಾಪಸು ಬಂದದ್ದು:
ಮೋಟಾರಿನ ಫ್ಯಾನುಗಳು, ರೆಕ್ಕೆ ಮುರಿದವು.
ಕೊಲ್ಹಾಪುರದ ಗಿರಾಕಿ ಚೀಟಿ ಬರೆದಿಲ್ಲ,
ಚೀಲದ ಬಾಯಿ ಹೊಲಿಯದೆ ಕಳಿಸಿದ್ದಾನೆ, ಅಷ್ಟೆ.

ಕಾಲೇಜಿನಿಂದ ಕಡ ತಂದ ಸೂಕ್ಷ್ಮದರ್ಶಕದಡಿ
ಒಂದು ಚೂರು ಇಟ್ಟೆ.
ಮುರಿದ ಮುಖದ ತುಂಬ ಕುಳಿಗಳು, ಸಿಡುಬಿನ ಮೋರೆ.
ನೈಲಾನಿನ ಹನಿಗಳು ಪಾಲಿಪ್ರೊಪಿಲೀನಿನೊಳಗೆ
ಬಾಡಿಗೆಗಿದ್ದವು;
ಪೆಟ್ಟು ಬಿದ್ದೊಡನೆ ಗಂಟು ಕಟ್ಟಿ ಹೊರಟಿವೆ,
ಗೋಡೆಗೆ ಒಂದೆಳೆಯನ್ನೂ ಬಿಟ್ಟು ಹೋಗಿಲ್ಲ.

"ಎಣ್ಣೀ ಸೀಗೀಕಾಯಿ ಇದ್ದಂಗ ಇವೆರಡೂ,"
ಎಕ್ಸ್‌ಟ್ರೂಡರಿನ ಬಿಸಿ ಮೂತಿ ಒರೆಸುತ್ತ ದತ್ತೋಬಾ ಅಂದ.
"ಎಷ್ಟ್ ತಿರುವಿದ್ರೂ ಕೂಡೂದಿಲ್ಲ ಬಿಡ್ರಿ."

ಸುಮ್ಮನಿದ್ದೆ. ಗಾದೆಯ ಮೇಲೇ ಅನುಮಾನ ಬಂತು.

ನೀರು ತುಂಬುವ ಹಬ್ಬದ ಮರುದಿನ, ಕತ್ತಲಿರುವಾಗಲೇ,
ಅವ್ವ ನೆತ್ತಿಗೆ ತಟ್ಟಿದ ಎಣ್ಣೆ
ಬರೀ ಬಿಸಿನೀರಿಗೆ ಜಪ್ಪಯ್ಯ ಅನ್ನುತ್ತಿರಲಿಲ್ಲ.
ಸೀಗೆಪುಡಿ ಬಿದ್ದಾಗಲೇ
ಒಂದು ಕೈಯಲ್ಲಿ ಎಣ್ಣೆ, ಒಂದು ಕೈಯಲ್ಲಿ ನೀರು ಹಿಡಿದು
ಬಚ್ಚಲ ಮೋರಿಯತನಕ ಕರೆದೊಯ್ಯುವುದು.
(ನನ್ನ ಕಣ್ಣು ಉರಿದದ್ದು ಬೇರೆ ಲೆಕ್ಕ.)
ಅದನ್ನು ಜಗಳಗಂಟಿ ಅಂದವರು
ಯಾರ ತಲೆಯನ್ನೂ ತೊಳೆದವರಲ್ಲ.

ತರಿಸಿದೆ: ಮೆಲೆಯಿಕ್ ಕಸಿ ಮಾಡಿದ ಪಾಲಿಪ್ರೊಪಿಲೀನು,
ಹಳದಿ ಕಾಳು, ಮೂಗಿಗೆ ಹುಳಿ ಘಾಟು.
ಮೈ ಈ ಮನೆಯದು,
ಕಸಿಯ ಬೆರಳು ಮಾತ್ರ
ಕಾದ ನೈಲಾನಿನ ತುದಿ ಸಿಕ್ಕರೆ ಬಿಡುವುದಿಲ್ಲ.
ನೂರಕ್ಕೆ ಮೂರು ತೂಗಿದೆ.
ದರ ಕೇಳಿದ ಆದಪ್ಪಣ್ಣ ತಕ್ಕಡಿಯನ್ನೇ ನೋಡಿದರು:
"ಎರಡರಾಗ ಆಗಂಗಿಲ್ಲೇನವಾ?"
ಎರಡರಲ್ಲೂ ಮಾಡಿ ನೋಡಿದೆ.
ಆಗಲಿಲ್ಲ. ಬರೆದಿಟ್ಟಿದ್ದೇನೆ.

ಸಂಜೆ ಪಟ್ಟಿಗೆ ಕಚ್ಚು ಕೊರೆದು, ಬಿಗಿದು ನಿಲ್ಲಿಸಿ,
ಲೋಲಕದ ಸುತ್ತಿಗೆ ಬಿಟ್ಟೆ.
ನಿನ್ನೆಯವರೆಗೆ ಚಟ್ಟೆಂದು ದಾಟಿ
ಆಚೆ ಎತ್ತರಕ್ಕೆ ಹಾರುತ್ತಿದ್ದದ್ದು
ಇವತ್ತು ಮಂದ ಸದ್ದು ಮಾಡಿ, ದಣಿದು, ತಗ್ಗಿನಲ್ಲೇ ತಿರುಗಿತು.
ಪಟ್ಟಿ ಬಾಗಿತ್ತು.
ಬಾಗಿದಲ್ಲಿ ಹಾಲು ಚೆಲ್ಲಿದಷ್ಟು ಬಿಳಿ,
ಬಿರುಕು ಅರ್ಧ ದಾರಿ ನಡೆದು
ಎತ್ತ ಹೋಗುವುದೆಂದು ತಿಳಿಯದೆ ನಿಂತಿತ್ತು.

ದಿನವಿಡೀ ನನ್ನ ಜೊತೆ ಕನ್ನಡ ಆಡುವ ದತ್ತೋಬಾ
ಅದನ್ನು ಬಾಗಿಲ ತಿರುಗಣಿಯಂತೆ ಮಡಚಿ, ಬಿಡಿಸಿ,
"ತುಟ್ಲೀ ನಾಯ್!" ಅಂದ.
ವಹಿಯಲ್ಲಿ ನಾನು ಬರೆದೆ: ಮುರಿದಿಲ್ಲ.

ಒಂದು ಪಟ್ಟಿಯ ಮಾತು ಮಾತಲ್ಲ.
ಇನ್ನೂ ನಾಲ್ಕಿವೆ. ದೀಪ ಹಚ್ಚು ಅಂದೆ,
ಕಚ್ಚು ಕೊರೆಯಬೇಕು.