ಎಡಗಡೆ ತಗ್ಗು

ಗುತ್ತಲು ರಸ್ತೆಯ ಸನಾವುಲ್ಲಾ ಟೇಪು ಹಿಡಿದು
ಕ್ವಾಲಿಸ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತ.
ಮಡ್‌ಗಾರ್ಡಿನ ಅಂಚಿಂದ ನೆಲಕ್ಕೆ
ಬಲಗಡೆ ಮೂವತ್ತು ಇಂಚು,
ಎಡಗಡೆ ಇಪ್ಪತ್ತೆಂಟೂವರೆ.
ತಲೆ ಎತ್ತದೆ ಕೇಳಿದ:
‘ಈ ಕಡೆ ಯಾರು ಕೂರ್ತಿದ್ರು?’

ಬೋರಲಿಂಗೇಗೌಡರು, ನಾಲೆ ಕಂಟ್ರಾಕ್ಟರು.
ನೂರಾ ಹದಿನೆಂಟು ಕೆ.ಜಿ.,
ಬಿಲ್ಲುಗಳ ಚೀಲ ಬೇರೆ, ಎಲೆಯಡಿಕೆ ಡಬ್ಬಿ ಬೇರೆ.
ಹತ್ತೊಂಬತ್ತು ವರ್ಷ
ಮಳವಳ್ಳಿ, ಕೆ.ಎಂ. ದೊಡ್ಡಿ, ಪಾಂಡವಪುರ,
ಹುಲ್ಲು ಮುಚ್ಚಿದ ನಾಲೆ ಏರಿ.
ಬಲಗಡೆ ನಾನು. ಐವತ್ತೊಂದು, ಚಪ್ಪಲಿ ಸೇರಿ.
ಇಬ್ಬರ ಲೆಕ್ಕವನ್ನೂ ಗಾಡಿ ಬರೆದಿಟ್ಟುಕೊಳ್ಳುತ್ತಿದೆಯೆಂದು
ಆಗ ಯಾರಿಗೆ ಗೊತ್ತಿತ್ತು.

ಹೋದ ಯುಗಾದಿಗೆ ಅವರ ಮನೆಗೆ ದೊಡ್ಡ ಗಾಡಿ ಬಂತು.
ನನ್ನ ಎರಡು ವರ್ಷದ ಬಾಕಿ ಸಂಬಳಕ್ಕೆ ಇದು.
‘ತಗಂಡೋಗ್ಲಾ, ಇಂಜಿನ್ನು ಬಂಗಾರ’ ಅಂದರು.
ಇಂಜಿನ್ನು ಬಂಗಾರವೇ, ಸುಳ್ಳಲ್ಲ.

ಗೋಣಿ ಹಾಸಿ ಕೆಳಗೆ ಕರೆದ ಸನಾವುಲ್ಲಾ.
ಸುರುಳಿ ಇರುತ್ತದೆ ಅಂದುಕೊಂಡಿದ್ದೆ ನಾನು, ಇಲ್ಲವೇ ಪಟ್ಟಿ.
ಇದ್ದದ್ದು ಬರೀ ಸರಳು.
ಹೆಬ್ಬೆರಳು ದಪ್ಪ, ನೆಟ್ಟಗೆ,
ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ಚಾಸಿಗೆ.
‘ಗುಂಡಿಗೆ ಬಿದ್ರೆ ಇದು ಬಗ್ಗಲ್ಲ ರಾಚಣ್ಣ,
ಒಳಗೊಳಗೇ ಹಿಂಡ್ಕೊಳ್ತದೆ, ಒದ್ದೆ ಪಂಚೆ ಹಿಂಡ್ದಂಗೆ.
ಬಿಟ್ರೆ ವಾಪಸ್ ಬರ್ತದೆ.
ಪೂರ್ತಿ ಬರಲ್ಲ.
ಒಂದೊಂದು ಸಲಕ್ಕೂ ಒಂದು ಕೂದಲೆಳೆ ಬಾಕಿ ಉಳಿಸ್ಕೊಳ್ತದೆ.’

ಎತ್ತರ ತಿರುಗಿಸುವ ಬೋಲ್ಟು ತುಕ್ಕಿಗೆ ಕಚ್ಚಿಕೊಂಡಿತ್ತು.
ರಾತ್ರಿಯಿಡೀ ಡೀಸೆಲ್ ಕುಡಿಸಿದರು.
ಬೆಳಿಗ್ಗೆ ಹಲ್ಲು ಹಲ್ಲಿಗೂ ಬಿಳಿ ಬಣ್ಣದ ಗೀಟು ಎಳೆದು
ಸರಳು ಎರಡನ್ನೂ ಎಳೆದು ಗೋಣಿಯ ಮೇಲಿಟ್ಟರು.
ಅವಳಿ ಮಕ್ಕಳು.
ಗ್ರೀಸ್ ಒರೆಸಿ, ಒಂದನ್ನೆತ್ತಿ ಎಡಕ್ಕೆ ಹಿಡಿದೆ.

‘ಅದು ಬಲದ್ದು!’ ಕೂಗಿದ.
‘ತುದೀಲಿ ಗುರುತು ನೋಡು. ತಿರುಚೋ ದಿಕ್ಕು ಕಲಿಸೇ
ಫ್ಯಾಕ್ಟ್ರಿಯಿಂದ ಕಳಿಸಿರ್ತಾರೆ.
ಅದಲು ಬದಲು ಮಾಡಿದ್ರೆ ಒಂದಿನ
ಗರ್ನಾಲು ಹೊಡೆದಂಗೆ ಮುರೀತದೆ.’

ಒಂದೇ ಒಂದು ಸಲ ನಾನು ಎಡಗಡೆ ಕೂತಿದ್ದೆ.
ಮದ್ದೂರಿನ ಹೋಟೆಲಿನ ಮುಂದೆ, ಮೇ ತಿಂಗಳು,
ಬಲದ ಸೀಟಿಗೆ ಬಿಸಿಲು ಬಿದ್ದಿತ್ತು.
ಎ.ಸಿ. ತಿರುಗಿಸಿಕೊಂಡು ಐದು ನಿಮಿಷ, ಆರಿರಬಹುದು.
ಗೌಡರು ಬಂದರು, ಬಾಗಿಲು ತೆರೆದರು, ಏನೂ ಅನ್ನಲಿಲ್ಲ.
ದಾರಿಯುದ್ದಕ್ಕೂ ಮಗಳ ಮದುವೆಯ ಮಾತೇ ಆಡಿದರು.
ಮಾರನೆ ದಿನ ಆ ಸೀಟಿಗೆ
ಹೊಸ ಟವೆಲ್ಲು ಬಂದಿತ್ತು.

ಅದು ಇನ್ನೂ ಅಲ್ಲೇ ಇದೆ.

‘ಎಷ್ಟು ಎತ್ತಲಿ?’
ಸಮ ಮಾಡು ಅಂದೆ. ಇನ್ನೊಂಚೂರು ಜಾಸ್ತಿಯೇ ಇರಲಿ.
‘ಜಾಸ್ತಿ ಬಿಗಿದ್ರೆ ಗಾಡಿ ಕತ್ತೆ ಥರ ಒದೀತದೆ, ಬುಷ್ ತಿಂತದೆ.
ಬೋಲ್ಟಿಂದ ಎತ್ತರ ಬರ್ತದೆ, ಶಕ್ತಿ ಬರಲ್ಲ.
ಈಗ ಹೇಳು, ಈ ಕಡೆ ಜನ ಕೂರೋ ಲೆಕ್ಕಕ್ಕಾ,
ಖಾಲಿ ಲೆಕ್ಕಕ್ಕಾ?’
ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.
ಅವನೇ ಏನೋ ಅಂದಾಜು ಮಾಡಿ ಸ್ಪಾನರ್ ಹಾಕಿದ.
ಹತ್ತು ಅಡಿ ಹಿಂದೆ, ಹತ್ತು ಅಡಿ ಮುಂದೆ ಗಾಡಿ ಉರುಳಿಸಿ,
ಮತ್ತೆ ಟೇಪು.
ಮೂವತ್ತು. ಮೂವತ್ತಕ್ಕೆ ಒಂದು ನೂಲು ಕಮ್ಮಿ.
ಟೀ ತರಿಸಿದ.

ಸಂಜೆ ಹೆದ್ದಾರಿಗೆ ಬಂದೆ.
ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ನೊರಜಿನ ಹಿಂಡು.
ಹಂಪು ದಾಟಿದರೆ ಕಟಕ್ ಎನ್ನುವ ಆ ಸದ್ದು ಇಲ್ಲ.
ಎಡಕ್ಕೆ ಎಳೆಯುವ ಆ ಚಾಳಿಯೂ ಇಲ್ಲ.
ಆದರೆ ಹಿಂದಿನ ಲಾರಿಯವನು ಹಾರನ್ ಮೇಲೆ ಹಾರನ್ ಒತ್ತುತ್ತಿದ್ದ.
ಆಮೇಲೆ ತಿಳಿಯಿತು:
ಇಲ್ಲದ ವಾಲುವಿಕೆಗೆ ಎದುರಾಗಿ
ನನ್ನ ಕೈಗಳು ಸ್ಟೇರಿಂಗನ್ನು ಬಲಕ್ಕೆ ಜಗ್ಗುತ್ತಲೇ ಇವೆ.
ಗಾಡಿ ನೆಟ್ಟಗಿತ್ತು.
ಡಿವೈಡರಿನ ಕಡೆಗೆ ಹೋಗುತ್ತಿದ್ದವನು ನಾನು.