ಕಾಲುವೆಯಾಚೆ ಸೋರೆಕಾಯಿ

ಕಿಲಿಚ್ ಕಾಲುವೆಯ ಈ ದಡದಲ್ಲಿ ಬೆಳೆದದ್ದು ಕರಬೂಜ,
ಆ ದಡದ್ದು ಸೋರೆಕಾಯಿ.
ಇದು ಮತ್‌ಯಾಕುಬನ ಭೂಗೋಳ.
ಆ ದಡದವರದ್ದೂ ಇದೇ ಪುಸ್ತಕ,
ಹಿಡಿದದ್ದು ಮಾತ್ರ ತಲೆಕೆಳಗಾಗಿ.

ಅಮು ನದಿ ಮರಳಿನಲ್ಲಿ ಸುಸ್ತಾಗಿ ಕಾಲು ಚಾಚುವ
ಖೋರೆಜ್ಮಿನಲ್ಲಿ, ಚಳಿ ಮುಗಿಯುವ ಹೊತ್ತಿಗೆ
ನೆಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ.
ನೀರು ಕಟ್ಟಿ ತೊಳೆಯುತ್ತಾರೆ. ಮತ್ತೆ ಏಳುತ್ತದೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಗಾದೆ ನಮ್ಮದು;
ಇಲ್ಲಿ ಉಪ್ಪು ತಿಂದ ಬಳ್ಳಿ
ನೀರು ಕೇಳಿ ಕೇಳಿ ಸಾಕಾಗಿ
ಕಡೆಗೆ ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ.

ಕರಬೂಜ ಎನ್ನುವ ನಮ್ಮ ಮಾತೂ
ಪಾರಸಿಯ ಹಾದಿ ಹಿಡಿದು ಬಂದದ್ದಂತೆ.
ಹಣ್ಣು ದಾರಿಯಲ್ಲೇ ಕೊಳೆತಿರಬೇಕು,
ಹೆಸರು ಮಾತ್ರ ಹಸಿಹಸಿಯಾಗಿ ತಲುಪಿತು.

ಹೆಸರಿಗೆ ಇಲ್ಲಿ ಬರವಿಲ್ಲ.
ಸಿಪ್ಪೆಯ ಮೇಲೆ ಬಲೆ ನೇಯ್ದುಕೊಂಡದ್ದು ಜೇಡಮ್ಮ,
ಎಲ್ಲಕ್ಕಿಂತ ಮೊದಲು ಹಣ್ಣಾಗುವುದು ತಡೆಯಲಾರೆ,
ಅಟ್ಟದಲ್ಲಿ ಜೊಂಡಿನ ಜೋಲಿಯೊಳಗೆ ಚಳಿಗಾಲವಿಡೀ ತೂಗಿ
ಮಾರ್ಚಿಗೆ ಮೆತ್ತಗಾಗುವುದು ಮುದುಕಿಗೆ-ಹಲ್ಲು-ಬಂತು.
ಮತ್‌ಯಾಕುಬನದು ಬರೀ ಕಿಲಿಚಿ.
ಕಿಲಿಚ್ ಅಂದರೆ ಕತ್ತಿ.
ಕಾಲುವೆಗೆ ಆ ಹೆಸರು ಯಾಕೆ ಎಂದು ಕೇಳಬೇಡಿ,
ಮೂರು ಕತೆ ಹೇಳುತ್ತಾನೆ, ಮೂರರಲ್ಲೂ ಅವನಜ್ಜನೇ ಗೆಲ್ಲುತ್ತಾನೆ.

ತಂಗಿ ಬಿಕಾಜಾನ್ ಮದುವೆಯಾಗಿ ಫರ್ಗಾನಾ ಕಣಿವೆಗೆ ಹೊರಟಾಗ
ನಿಲುವಂಗಿಯ ಅಂಚಿನಲ್ಲಿ ನಲವತ್ತು ಬೀಜ ಹೊಲಿದುಕೊಂಡಳು.
(ಮೂವತ್ತೊಂದು ಎಂದು ಇವನ ಲೆಕ್ಕ.)
ಅಲ್ಲಿ ಬೆಟ್ಟದ ಹಿಮ ಕರಗಿದ ನೀರು
ಕೇಳುವ ಮೊದಲೇ ಬೇರಿನ ಬುಡಕ್ಕೆ ಬಂದು ನಿಲ್ಲುತ್ತದೆ,
ಅತ್ತೆಮನೆಯಂತಲ್ಲ, ತವರಿನಂತೆ.
ಹಣ್ಣು ದಪ್ಪವಾಯಿತು, ಕೆನ್ನೆ ನುಣುಪಾಯಿತು.
ಮೊದಲ ವರ್ಷ ನೆರೆಯವರು ನಾಲಿಗೆ ಹೊರಳಿಸಿ ಕಿಲಿಚಿ ಎಂದರು,
ಮೂರನೆಯ ವರ್ಷ ಬಿಕಾಳ ಹಣ್ಣು ಎಂದರು,
ಏಳನೆಯ ವರ್ಷ ಸಂತೆಯಲ್ಲಿ ಯಾರೋ
ಸೊಸೆಗೆನ್ನೆ, ಸೊಸೆಗೆನ್ನೆ ಎಂದು ಕೂಗುವುದು ಕೇಳಿ
ತಿರುಗಿ ನೋಡಿದಳು: ತನ್ನದೇ ರಾಶಿ.

ಹನ್ನೊಂದನೆಯ ವರ್ಷ ರೈಲು ಹತ್ತಿ
ರಾತ್ರಿಯಿಡೀ ಮಡಿಲಲ್ಲಿ ಒಂದನ್ನು ಕೂರಿಸಿಕೊಂಡು ಬಂದಳು.
ಅಣ್ಣ ತೊಟ್ಟು ಮೂಸಿದ,
ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ,
ಚಾಕು ಎರಡೆರಡು ಸಲ ಒರೆಸಿದ.
ಮೊದಲ ಹೋಳು ಅವಳಿಗೇ ಕೊಟ್ಟ,
ನೆಂಟರಿಗೆ ಕೊಡುವ ಹಾಗೆ.
ಅವಳಿಗೆ ಸಿಟ್ಟು ಬಂದದ್ದು ಅದಕ್ಕೆ.

ಅಗಿದ. ಬಹಳ ಹೊತ್ತು ಅಗಿದ.
'ಒಳ್ಳೆಯ ಹಣ್ಣು' ಎಂದ.
'ಪಾಪ, ಒಂದು ದಿನವೂ ಬಾಯಾರಿಲ್ಲ.'

'ಬಾಯಾರಲೇಬೇಕೇನು?'

ಉತ್ತರ ಹೇಳದೆ ಹಿತ್ತಲಿಂದ ಕಿಲಿಚಿಯೊಂದನ್ನು ತಂದು ಕೊಯ್ದ.
ಹನ್ನೊಂದು ವರ್ಷ ಕನಸಿನಲ್ಲಿ ತಿಂದ ಹಣ್ಣು.
ಸಿಹಿ ಗಂಟಲಿಗೆ ಚುಚ್ಚಿತು, ಹೌದು, ಅದೇ,
ಮತ್ತೆ ನುಂಗಿದ ಮೇಲೆ, ನಾಲಿಗೆಯ ಅಂಚಿನಲ್ಲಿ,
ಎಂದೂ ಇಲ್ಲದ ಒಂದು ಎಳೆ.
'ನಿಮ್ಮೂರಿನದು ಸ್ವಲ್ಪ ಉಪ್ಪುಪ್ಪು' ಎಂದಳು.

ನಿಮ್ಮೂರು.
ಮಾತು ಜಾರಿ ಚಾಪೆಯ ಮೇಲೆ ಬಿತ್ತು,
ಸಿಪ್ಪೆಗಳ ನಡುವೆ.
ಇಬ್ಬರೂ ಅದನ್ನೇ ನೋಡುತ್ತ ಕೂತರು.
ಒಂದು ನೊಣ ಬಂತು, ಕೂತಿತು, ಹೋಯಿತು.

ಸಂಜೆ ಅವನು ಅವಳ ಹಣ್ಣಿನ ಬೀಜ ತೊಳೆದು
ಹಳೆಯ ಪತ್ರಿಕೆಯ ಮೇಲೆ ಹರಡಿದ,
ಒಂದಕ್ಕೊಂದು ತಾಗದಂತೆ.
ಪೆನ್ಸಿಲ್ ತುದಿ ನೆಕ್ಕಿ ಕೇಳಿದ:
'ಚೀಟಿಯ ಮೇಲೆ ಹೆಸರೇನು ಬರೆಯಲಿ?'

ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ ಬಿಕಾಜಾನ್
ತಲೆಯೆತ್ತದೆ ನಕ್ಕಳು.
'ಕಾಲುವೆಯಾಚೆ ನೆಡು.
ಹೇಗೂ ಸೋರೆಕಾಯಿ.'