ಹೊಟ್ಟು ತುಂಬಿದ ಚೀಲ

ಶಿವಮೊಗ್ಗದ ಗೂಡ್ಸ್ ಶೆಡ್ಡಿಗೆ
ಸಿನಿಮಾದವರು ಬಂದ ದಿನ ರೇಕು ಇರಲಿಲ್ಲ.
ಹಳಿ ಖಾಲಿ. ಚೀಲ ಅವರೇ ತಂದಿದ್ದರು,
ಹೊರಗೆ ಸಿಮೆಂಟಿನ ಅಚ್ಚು, ಒಳಗೆ ಭತ್ತದ ಹೊಟ್ಟು.
ಪಳನಿ ಒಂದನ್ನು ಎಡಗೈಲಿ ಎತ್ತಿ
ಕೂಸಿನ ಹಾಗೆ ಆಡಿಸಿದ. ನಕ್ಕೆವು.
ಹೊಟ್ಟು ಹೊತ್ತರೆ ದಿನಕ್ಕೆ ಸಾವಿರದಿನ್ನೂರು,
ಮೇಲೆ ಮೊಟ್ಟೆ ಬಿರಿಯಾನಿ.
ಬೇಡ ಅನ್ನೋಕೆ ನಮಗೇನು ಹುಚ್ಚೇ?

ಹಬ್ಬದ ಅಂಗಿ ಹಾಕಿಕೊಂಡು ಹೋಗಿದ್ದೆ,
ಪರದೆ ಮೇಲೆ ಬರುತ್ತೀನಲ್ಲ ಅಂತ.
ಒಬ್ಬ ಹುಡುಗ ಕೆಳಗಿಂದ ಮೇಲಿನವರೆಗೆ ನೋಡಿ
‘ನೀವು ಹಮಾಲಿ ಥರ ಕಾಣಲ್ಲ ಅಂಕಲ್’ ಅಂದ.
ಇಪ್ಪತ್ತಾರು ವರ್ಷದ ಬಿಲ್ಲೆ ಜೇಬಲ್ಲಿತ್ತು,
ತೆಗೆದು ತೋರಿಸಲೋ ಬೇಡವೋ ಅನ್ನುವಷ್ಟರಲ್ಲಿ
ಹರಿದ ಬನಿಯನ್ನು ಕೈಗಿಟ್ಟ.
ತೂತುಗಳನ್ನು ಕತ್ತರಿಯಲ್ಲಿ ಮಾಡಿದ್ದರು, ದುಂಡಗೆ.
ನಮ್ಮದು ಸವೆಯುವುದು ಹೆಗಲ ಮೇಲೆ ಮಾತ್ರ.

ಹೀರೋ ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ.
‘ಹೆಂಗಣ್ಣ ಎತ್ತೋದು?’ ಎಂದು ಕೇಳಿದ.
ಮಂಡಿ ಮಡಿಸು, ಕೈ ನಂಬಬೇಡ,
ಕತ್ತಿನ ಬುಡಕ್ಕೆ ಕೂರಿಸು,
ಉಸಿರು ಕಟ್ಟಿ ಹಲಗೆ ದಾಟುವತನಕ ಎಣಿಸು.
ಹಾಗೇ ಎತ್ತಿದ. ಡೈರೆಕ್ಟರ್ ‘ಕಟ್’ ಅಂದರು.
‘ಮುಖದಲ್ಲಿ ನೋವೇ ಇಲ್ಲವಲ್ಲ!’
ಸಾರ್, ಚೀಲ ಬಿದ್ದಾಗ ಮುಖ ಎಲ್ಲಿರುತ್ತೆ?
ಅದೂ ಕಾಲಿಗೆ ಇಳಿದಿರುತ್ತೆ.
ಹೇಳಲಿಲ್ಲ.
ಪಿಚಕಾರಿಯಲ್ಲಿ ಅವನಿಗೆ ಬೆವರು ಹೊಡೆದರು.

ಆಮೇಲೆ ಸಾಲಾಗಿ ‘ಐಸಾ’ ಹಾಡಬೇಕಂತೆ.
ಇಮಾಂಸಾಬಿ ಮೆತ್ತಗೆ ಅಂದ:
ನಾವು ಹಾಡಲ್ಲ ಸ್ವಾಮಿ, ಬಾಯಿ ತೆರೆದರೆ ಸಿಮೆಂಟು.
ಕೆಲಸ ಮುಗಿದ ಮೇಲೆ ಗಂಟಲಿಗೆ
ಒಂದೊಂದು ತುಂಡು ಬೆಲ್ಲ ತಿಂತೀವಿ,
ಬೇಕಾದರೆ ಅದನ್ನ ತೆಗೀರಿ.
ಬೆಲ್ಲ ತೆಗೆಯಲಿಲ್ಲ. ಹಾಡಿದೆವು.
ಹೊಟ್ಟು ಹೊತ್ತವನಿಗೆ ಹಾಡೋದೇನು ಕಷ್ಟ.

ಏಳು ತಿಂಗಳಿಗೆ ಸಿನಿಮಾ ಬಂತು.
ಹೀರೋ ಮಾಲೀಕನ ಕೊರಳಪಟ್ಟಿ ಹಿಡಿದಾಗ
ನಾನೂ ಶಿಳ್ಳೆ ಹೊಡೆದೆ, ಮೈ ಬಿಸಿಯಾಗಿತ್ತು.
ಹೊರಗೆ ಬೀಡಿ ಹಚ್ಚುತ್ತ ಚೌಡಪ್ಪ ಕೇಳಿದ,
‘ನಮ್ಮ ಮಾಲೀಕ ಯಾರೋ?’
ಗುತ್ತಿಗೆದಾರನ ರೈಟರು ಗೊತ್ತು,
ರೈಟರಿಗೆ ಬರುವ ಫೋನು ಗೊತ್ತು.
ಫೋನಿಗೆಲ್ಲಿಯ ಕೊರಳಪಟ್ಟಿ.

ನಾನಿದ್ದದ್ದು ಮೂರು ಸೆಕೆಂಡು, ಅದೂ ಬೆನ್ನು.
‘ಅಗೋ ನೀವು’ ಎಂದು ಕತ್ತಲಲ್ಲಿ
ಸಾಕಮ್ಮ ತೊಡೆ ಚಿವುಟಿದಳು.
ದಿನಾ ನೀಲಗಿರಿ ಎಣ್ಣೆ ತಿಕ್ಕುವವಳು, ಅವಳಿಗೆ ಗೊತ್ತು.
ನಾನು ಅದನ್ನು ನೋಡಿದ್ದು ಅದೇ ಮೊದಲು.
ಎಡಕ್ಕೆ ಅಷ್ಟು ವಾಲಿದೆ ಅಂತ
ಯಾರೂ ಹೇಳಿರಲಿಲ್ಲ.

ರಾತ್ರಿ ಕಿರಿಮಗಳು ನಿಸರ್ಗ
ದಿಂಬನ್ನು ಹೆಗಲಿಗೇರಿಸಿ, ಹಲ್ಲು ಕಚ್ಚಿ,
ಹೀರೋ ಥರ ನರಳುತ್ತ
ಗೋಡೆಯಿಂದ ಗೋಡೆಗೆ ನಡೆದಳು.
ಸೊಂಟ ಬಗ್ಗಿಸಿ ಎತ್ತಿದ್ದಳು, ತಪ್ಪು.
‘ಮಂಡಿ ಮಡಿಸು’ ಅನ್ನೋಕೆ ಬಾಯಿ ತೆರೆದವನು
ಸುಮ್ಮನಾದೆ.
ಹಾಗೇ ಎತ್ತಲಿ, ದಿಂಬು ತಾನೇ.